ಒಂದೇ ಲೈಟಿಗೆ ಎರಡು-ಮೂರು ಕಡೆ ಸ್ವಿಚ್: ಸ್ಮಾರ್ಟ್ ಡಿಮ್ಮರ್ ವೈರಿಂಗ್, ಹಂತ ಹಂತವಾಗಿ

"ಮೆಟ್ಟಿಲ ಕೆಳಗೊಂದು, ಮೇಲೊಂದು ಸ್ಮಾರ್ಟ್ ಡಿಮ್ಮರ್ ಹಾಕಿಸಿದ್ದೇವೆ. ಲೈಟ್ ಮಿಟುಕುತ್ತದೆ. ಆ್ಯಪ್‌ನಲ್ಲಿ ಒಂದಲ್ಲ ಒಂದು ಆಫ್‌ಲೈನ್ ಇದ್ದೇ ಇರುತ್ತದೆ." ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಬರುವ ದೂರುಗಳಲ್ಲಿ ಇದೇ ಜಾಸ್ತಿ. ಸ್ಮಾರ್ಟ್ ಡಿಮ್ಮರ್ ಎಂದರೆ ಲೈಟಿನ ಬೆಳಕನ್ನು ಹೆಚ್ಚು-ಕಡಿಮೆ ಮಾಡುವ, ಫೋನಿನ ಆ್ಯಪ್‌ನಿಂದಲೂ ನಡೆಯುವ ಸಾಧನ. ಬಹಳ ಸಲ ಅದು ಕೆಟ್ಟಿರುವುದೇ ಇಲ್ಲ. ಒಂದೇ ಲೈಟನ್ನು ಎರಡು ಕಡೆಯಿಂದ ಹಚ್ಚಿ ಆರಿಸುವ ಹಳೇ ಟೂ-ವೇ ಸ್ವಿಚ್ ಎರಡನ್ನೂ ಕಿತ್ತು, ಅವೇ ವೈರುಗಳಿಗೆ ಎರಡು ಡಿಮ್ಮರ್ ಸಿಕ್ಕಿಸಿದ್ದರಿಂದ ಆದ ತೊಂದರೆ ಅದು.

ಇಷ್ಟು ಗಟ್ಟಿಯಾಗಿ ನೆನಪಿಡಿ: ಒಂದು ಲೈಟಿಗೆ ಡಿಮ್ಮರ್ ಒಂದೇ. ಉಳಿದ ಜಾಗಗಳಲ್ಲಿ ಬರೀ ಬೆಲ್ ಪುಶ್, ಅಂದರೆ ಒತ್ತಿದಷ್ಟು ಹೊತ್ತು ಮಾತ್ರ ಎರಡು ವೈರ್ ಸೇರಿಸುವ ಕಾಲಿಂಗ್ ಬೆಲ್ ಬಟನ್. ಬೆಳಕು ಹೆಚ್ಚು-ಕಡಿಮೆ ಮಾಡುವ ಕೆಲಸ ಒಂದೇ ಕಡೆ ನಡೆಯಬೇಕು. ಬೇರೆ ಕಡೆಯಿಂದ "ಈಗ ಒತ್ತಿದರು" ಎಂಬ ಸುದ್ದಿ ಮಾತ್ರ ಬರಬೇಕು. ಕೆಳಗಿನ ಹಂತಗಳೆಲ್ಲ ಇದೇ ಲೆಕ್ಕದ ಮೇಲೆ ನಿಂತಿವೆ.

ಇನ್ನೊಂದು ಮಾತು. ಇದು 230 ವೋಲ್ಟ್ ಕೆಲಸ. ವೈರ್ ಮುಟ್ಟುವವರು ಪರ್ಮಿಟ್ ಇರುವ ವೈರ್‌ಮನ್ ಆಗಿರಲಿ. ಹಾಗಾದರೆ ನೀವ್ಯಾಕೆ ಇದನ್ನು ಓದಬೇಕು? ಟೂ-ವೇ ವೈರಿಂಗ್ ಕಣ್ಣು ಮುಚ್ಚಿ ಮಾಡುವ ನುರಿತ ವೈರ್‌ಮನ್‌ಗಳಲ್ಲೂ ಎಷ್ಟೋ ಜನ ಸ್ಮಾರ್ಟ್ ಡಿಮ್ಮರ್ ಕೈಯಲ್ಲಿ ಹಿಡಿದಿರುವುದಿಲ್ಲ. ಏನು ಬೇಕು ಎಂದು ಮನೆಯವರಿಗೇ ಸರಿಯಾಗಿ ಗೊತ್ತಿದ್ದರೆ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ.

## ಹಂತ 1: ಮೊದಲು ಬಲ್ಬ್ ನೋಡಿ

ಡಿಮ್ಮರ್ ಕೊಳ್ಳುವ ಮುಂಚೆ ಬಲ್ಬಿನ ಡಬ್ಬಿ ತೆಗೆದು ಓದಿ. ಅದರ ಮೇಲೆ "ಡಿಮ್ಮಬಲ್" ಎಂದು ಬರೆದಿರಬೇಕು. ಅಂಗಡಿಯಲ್ಲಿ ಸಿಗುವ ಮಾಮೂಲಿ 9 ವ್ಯಾಟ್ ಎಲ್‌ಇಡಿ ಬಲ್ಬ್ ಡಿಮ್ ಆಗುವುದಿಲ್ಲ. ಡಿಮ್ಮರ್ ಹಾಕಿದರೆ ಮಿಟುಕುತ್ತದೆ, ಗುಂಯ್ ಎನ್ನುತ್ತದೆ, ಕೊನೆಗೆ ಬಲ್ಬ್ ಸಾಯುತ್ತದೆ. ಎಲ್‌ಇಡಿ ಟ್ಯೂಬ್‌ಲೈಟ್ ಕಥೆಯೂ ಸಾಮಾನ್ಯವಾಗಿ ಇದೇ.

ಪಿಒಪಿ ಸೀಲಿಂಗ್‌ನಲ್ಲಿ ಪ್ಯಾನೆಲ್ ಲೈಟ್ ಇದ್ದರೆ ಅದರ ಹಿಂದೆ ಪುಟ್ಟ ಡ್ರೈವರ್ ಡಬ್ಬಿ ಇರುತ್ತದೆ. ಡಿಮ್ ಆಗಬೇಕಾದದ್ದು ಆ ಡ್ರೈವರ್. ಲೈಟ್ ಹಾಗೇ ಇಟ್ಟು ಡ್ರೈವರ್ ಮಾತ್ರ ಬದಲಿಸಲು ಸಾಧ್ಯವಿದೆ, ಆದರೆ ವ್ಯಾಟ್ ಮತ್ತು ಮಿಲಿ ಆಂಪಿಯರ್ ಎರಡೂ ಹೊಂದಬೇಕು. 12 ಅಥವಾ 24 ವೋಲ್ಟಿನ ಸ್ಟ್ರಿಪ್ ಲೈಟಿಗೆ ಬೇರೆಯದೇ ಕಂಟ್ರೋಲರ್ ಬೇಕು, ಈ ಮಾರ್ಗದರ್ಶಿ ಅದಕ್ಕಲ್ಲ.

ಫ್ಯಾನ್ ರೆಗ್ಯುಲೇಟರ್ ಅನ್ನು ಲೈಟಿಗೆ, ಲೈಟ್ ಡಿಮ್ಮರ್ ಅನ್ನು ಫ್ಯಾನಿಗೆ ಹಾಕುವುದು ಎರಡೂ ತಪ್ಪು. ನೋಡಲು ಒಂದೇ ಥರ ಇದ್ದರೂ ಒಳಗಿನ ಕೆಲಸ ಬೇರೆ.

## ಹಂತ 2: ಕರೆಂಟ್ ಎಲ್ಲೆಲ್ಲಿಂದ ಬರುತ್ತದೆ ಎಂದು ಪತ್ತೆ ಮಾಡಿ

ಈ ಹಂತ ಬಿಟ್ಟವರೇ ಜಾಸ್ತಿ ಡಿಮ್ಮರ್ ಸುಟ್ಟುಕೊಂಡಿದ್ದಾರೆ.

ಮನೆಗೆ ಜೆಸ್ಕಾಂನಿಂದ (ನಮ್ಮ ಭಾಗದ ವಿದ್ಯುತ್ ಕಂಪನಿ) ತ್ರೀ ಫೇಸ್ ಇದೆಯೇ ನೋಡಿ. ಇದ್ದರೆ ಕೆಳಮನೆ ಒಂದು ಫೇಸ್ ಮೇಲೆ, ಮಾಳಿಗೆ ಮನೆ ಇನ್ನೊಂದು ಫೇಸ್ ಮೇಲೆ ಇರುವುದು ಸಾಮಾನ್ಯ. ಒಂದು ಫೇಸಿಗೂ ನ್ಯೂಟ್ರಲ್‌ಗೂ ನಡುವೆ 230 ವೋಲ್ಟ್. ಎರಡು ಫೇಸ್‌ಗಳ ನಡುವೆ ಸುಮಾರು 400 ವೋಲ್ಟ್. ಡಿಮ್ಮರ್ ಕೆಳಗಿನ ಫೇಸ್ ಮೇಲಿದ್ದು, ಮೇಲಿನ ಬೆಲ್ ಪುಶ್ಶಿಗೆ ಅಲ್ಲೇ ಪಕ್ಕದ ಸ್ವಿಚ್ಚಿನಿಂದ ಫೇಸ್ ಲೂಪ್ ಮಾಡಿದರೆ, ಮೊದಲ ಸಲ ಒತ್ತಿದಾಗಲೇ ಡಿಮ್ಮರ್ ಒಳಗೆ 400 ವೋಲ್ಟ್ ಬೀಳುತ್ತದೆ. ಅಲ್ಲಿಗೆ ಅದರ ಕಥೆ ಮುಗಿಯಿತು. ಆದ್ದರಿಂದ ವೈರ್‌ಮನ್ ಬಂದ ಕೂಡಲೇ ಕೇಳುವ ಮೊದಲ ಪ್ರಶ್ನೆ ಇದಾಗಿರಲಿ: "ಅಣ್ಣಾ, ಕೆಳಗಿಂದು ಮ್ಯಾಲಿಂದು ಒಂದೇ ಫೇಸ್ ಅದ ಏನ್ ನೋಡ್ರಿ."

ಎರಡನೆಯದು ಇನ್ವರ್ಟರ್. ನಮ್ಮ ಕಡೆ ಇನ್ವರ್ಟರ್ ಇಲ್ಲದ ಮನೆ ಈಗ ಕಮ್ಮಿ, ಮೆಟ್ಟಿಲ ಲೈಟ್ ಮತ್ತು ಪಡಸಾಲೆ ಲೈಟ್ ಬಹುತೇಕ ಅದರ ಮೇಲೇ ಇರುತ್ತವೆ. ಡಿಮ್ಮರ್, ಅದರ ಎಲ್ಲಾ ಬೆಲ್ ಪುಶ್, ಮತ್ತು ಆ ಲೈಟ್, ಮೂರೂ ಒಂದೇ ಲೈನಿನ ಮೇಲೆ ಇರಬೇಕು. ಒಂದೋ ಎಲ್ಲವೂ ಇನ್ವರ್ಟರ್ ಲೈನ್, ಇಲ್ಲವೇ ಎಲ್ಲವೂ ನೇರ ಲೈನ್. ಬೆರಕೆ ಬೇಡ.

ಇನ್ವರ್ಟರ್ ಸೈನ್ ವೇವ್ ಇದೆಯೋ ಸ್ಕ್ವೇರ್ ವೇವ್ ಇದೆಯೋ ಎಂದೂ ನೋಡಿಕೊಳ್ಳಿ. ಡಿಮ್ಮರ್ ಕೆಲಸ ಮಾಡುವುದೇ ಕರೆಂಟಿನ ಅಲೆಯ ಒಂದು ಭಾಗವನ್ನು ಕತ್ತರಿಸಿ. 50 ಹರ್ಟ್ಸ್ ಸಪ್ಲೈನಲ್ಲಿ ಸೆಕೆಂಡಿಗೆ 100 ಸಲ ಕತ್ತರಿಸುತ್ತದೆ. ಅಲೆಯ ಆಕಾರವೇ ಚೌಕವಾಗಿದ್ದರೆ ಎಲ್ಲಿ ಕತ್ತರಿಸಬೇಕು ಎಂಬ ಲೆಕ್ಕ ತಪ್ಪುತ್ತದೆ. ಕರೆಂಟ್ ಹೋದಾಗ ಮಾತ್ರ ಲೈಟ್ ಮಿಟುಕಿ ಸದ್ದು ಮಾಡಿದರೆ ಮೊದಲು ಅನುಮಾನ ಪಡಬೇಕಾದದ್ದು ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ. ಅಂಥ ಮನೆಯಲ್ಲಿ ಈ ಒಂದು ಲೈಟನ್ನು ನೇರ ಲೈನಿಗೆ ಹಾಕಿಸಿ, ಪಕ್ಕದಲ್ಲಿ ಒಂದು ಮಾಮೂಲಿ ಸಣ್ಣ ಬಲ್ಬ್ ಇನ್ವರ್ಟರ್ ಲೈನಿಗೆ ಹಾಕಿಸುವುದು ಒಳ್ಳೆಯದು. ಕತ್ತಲಲ್ಲಿ ಮೆಟ್ಟಿಲು ಇಳಿಯುವ ಹಿರಿಯರು ಮನೆಯಲ್ಲಿರುತ್ತಾರೆ.

## ಹಂತ 3: ಕರೆಂಟ್ ತೆಗೆಯಿರಿ, ತೆಗೆದದ್ದನ್ನು ಪರೀಕ್ಷಿಸಿ

ಮೇನ್ ಸ್ವಿಚ್ ಇಳಿಸಿದರೆ ಮನೆಯ ಕರೆಂಟ್ ಹೋಗುತ್ತದೆ. ಆದರೆ ಇನ್ವರ್ಟರ್ ಅದನ್ನು "ಕರೆಂಟ್ ಹೋಯಿತು" ಎಂದೇ ತಿಳಿದು, ಕಣ್ಣು ಮಿಟುಕಿಸುವಷ್ಟರಲ್ಲಿ ಬ್ಯಾಟರಿಯಿಂದ ಅದೇ ಲೈಟ್ ಲೈನಿಗೆ 230 ವೋಲ್ಟ್ ಕೊಡುತ್ತದೆ. ಮೇನ್ ಇಳಿಸಿದ್ದೇನೆ ಎಂಬ ಧೈರ್ಯದಲ್ಲಿ ಬೋರ್ಡಿಗೆ ಕೈ ಹಾಕಿದವರಿಗೆ ಶಾಕ್ ಹೊಡೆಯುವುದು ಹೀಗೆ.

ಕ್ರಮ ಹೀಗಿರಲಿ. ಮೊದಲು ಇನ್ವರ್ಟರ್ ಮುಂದಿನ ಸ್ವಿಚ್ ಆಫ್ ಮಾಡಿ. ಅದರ ಇನ್‌ಪುಟ್ ಪ್ಲಗ್ ಕೀಳಿ. ಹಿಂದೆ ಬೈಪಾಸ್ ಸ್ವಿಚ್ (ಇನ್ವರ್ಟರ್ ಬಿಟ್ಟು ನೇರ ಕರೆಂಟ್ ಕೊಡುವುದು) ಇದ್ದರೆ ಅದು ಯಾವ ಕಡೆಗಿದೆ ಎಂದು ನೋಡಿಕೊಳ್ಳಿ. ಆಮೇಲೆ ಮೇನ್ ಇಳಿಸಿ. ಬರೀ ಒಂದು ಎಂಸಿಬಿ ಇಳಿಸಿ ಕೆಲಸ ಶುರು ಮಾಡಬೇಡಿ, ಏಕೆಂದರೆ ಟೂ-ವೇ ಬೋರ್ಡಿಗೆ ಎರಡು ಎಂಸಿಬಿಗಳ ವೈರ್ ಬಂದಿರಬಹುದು.

ಈಗ ಮಲ್ಟಿಮೀಟರ್. ಮೇನ್ ಇಳಿಸುವ ಮುಂಚೆಯೇ ಕರೆಂಟ್ ಇರುವ ಸಾಕೆಟ್ಟಿನಲ್ಲಿ ಅದನ್ನು ಇಟ್ಟು ಅದು 230ರ ಆಸುಪಾಸು ತೋರಿಸುತ್ತದೆಯೇ ನೋಡಿ. ಎಲ್ಲ ಇಳಿಸಿದ ಮೇಲೆ ಬೋರ್ಡಿನಲ್ಲಿ ಫೇಸ್-ನ್ಯೂಟ್ರಲ್, ಫೇಸ್-ಅರ್ಥಿಂಗ್ ಎರಡನ್ನೂ ಅಳೆಯಿರಿ. ಮೀಟರ್ ಕೈಕೊಟ್ಟಿಲ್ಲ ಎಂದು ಖಾತ್ರಿಯಾಗಲು ಬೇರೆ ಕಡೆಯ ಜೀವಂತ ಸಪ್ಲೈ ಒಂದರಲ್ಲಿ ಮತ್ತೊಮ್ಮೆ ನೋಡಿ. ಟೆಸ್ಟರ್ ಒಂದನ್ನೇ ನಂಬಬೇಡಿ. ಪಕ್ಕದ ವೈರಿನ ಪ್ರಭಾವಕ್ಕೂ ಅದು ಮಿಣುಕುತ್ತದೆ, ಒಳಗಿನ ದೀಪ ಕೆಟ್ಟಿದ್ದರೆ ಕರೆಂಟ್ ಇದ್ದರೂ ಸುಮ್ಮನಿರುತ್ತದೆ.

## ಹಂತ 4: ಬೋರ್ಡ್ ಬಿಚ್ಚಿ, ಲೈಟಿನ ಕಡೆಯ ಬೋರ್ಡ್ ಯಾವುದೆಂದು ಹುಡುಕಿ

ಸರಿಯಾದ ಟೂ-ವೇ ವೈರಿಂಗ್ ಹೀಗಿರುತ್ತದೆ. ಒಂದು ಬೋರ್ಡಿಗೆ ಫೇಸ್ ಬರುತ್ತದೆ, ಅದು ಸ್ವಿಚ್ಚಿನ ನಡು ಕಾಲಿಗೆ (ಮಧ್ಯದ ಟರ್ಮಿನಲ್‌ಗೆ) ಸೇರಿರುತ್ತದೆ. ಅಲ್ಲಿಂದ ಎರಡು ವೈರ್ ಇನ್ನೊಂದು ಬೋರ್ಡಿಗೆ ಹೋಗುತ್ತವೆ. ಇವನ್ನು ಜೋಡಿ ವೈರ್ ಎನ್ನೋಣ. ಎರಡನೇ ಸ್ವಿಚ್ಚಿನ ನಡು ಕಾಲಿನಿಂದ ಒಂದು ವೈರ್ ಲೈಟಿಗೆ ಹೋಗುತ್ತದೆ.

ಫೇಸ್ ಬರುವುದನ್ನು ಫೇಸ್ ಬೋರ್ಡ್ ಎಂದೂ, ಲೈಟಿಗೆ ವೈರ್ ಹೋಗುವುದನ್ನು ಲೈಟ್ ಬೋರ್ಡ್ ಎಂದೂ ಕರೆಯೋಣ. ಡಿಮ್ಮರ್ ಕೂರಬೇಕಾದದ್ದು ಲೈಟ್ ಬೋರ್ಡಿನಲ್ಲಿ. ಯಾವುದು ಕೈಗೆ ಸುಲಭವೋ ಅಲ್ಲಿ ಕೂರಿಸುವುದು ದೊಡ್ಡ ತಪ್ಪು. ಕಾರಣ ಸರಳ. ಎರಡು ಬೋರ್ಡ್ ನಡುವೆ ಇರುವುದು ಎರಡೇ ವೈರ್. ಡಿಮ್ಮರ್ ಅನ್ನು ಫೇಸ್ ಬೋರ್ಡಿನಲ್ಲಿಟ್ಟರೆ ಆಚೆ ಕಡೆಗೆ ಲೈಟಿನ ವೈರ್, ಫೇಸ್, ಸುದ್ದಿಯ ವೈರ್ ಎಂದು ಮೂರು ಬೇಕಾಗುತ್ತವೆ. ಲೈಟ್ ಬೋರ್ಡಿನಲ್ಲಿಟ್ಟರೆ ಎರಡೇ ಸಾಕು.

ಲೈಟ್ ಬೋರ್ಡ್ ಪತ್ತೆ ಮಾಡುವುದು ಹೇಗೆ? ಎರಡೂ ಕಡೆ ಸ್ವಿಚ್ಚಿನ ನಡು ಕಾಲಿನ ವೈರ್ ಬಿಚ್ಚಿ. ಬಲ್ಬ್ ತೆಗೆದು, ಹೋಲ್ಡರಿನ ಫೇಸ್ ಸ್ಕ್ರೂನಿಂದ ಒಂದು ಉದ್ದ ವೈರ್ ಎಳೆದು, ಮೀಟರನ್ನು ಬೀಪ್ ಮೋಡಿಗೆ ಹಾಕಿ ಒಂದೊಂದು ನಡು ವೈರಿಗೂ ಮುಟ್ಟಿಸಿ. ಎಲ್ಲಿ ಬೀಪ್ ಬಂತೋ ಅದೇ ಲೈಟ್ ಬೋರ್ಡ್. ಇದಕ್ಕೆ ಕರೆಂಟ್ ಬೇಡ, ಆದ್ದರಿಂದ ಇದೇ ಸುರಕ್ಷಿತ ದಾರಿ.

ಮೂರು ಕಡೆ ಸ್ವಿಚ್ ಇದ್ದರೆ ನಡುವಿನ ಬೋರ್ಡಿನಲ್ಲಿ ನಾಲ್ಕು ಕಾಲಿನ ಇಂಟರ್‌ಮೀಡಿಯೇಟ್ ಸ್ವಿಚ್ ಸಿಗುತ್ತದೆ. ಎರಡು ವೈರ್ ಆ ಕಡೆಯವು, ಎರಡು ಈ ಕಡೆಯವು. ಬಿಚ್ಚುವ ಮುಂಚೆ ಫೋಟೋ ತೆಗೆಯಿರಿ, ಪ್ರತಿ ವೈರಿಗೂ ಟೇಪ್ ಸುತ್ತಿ ಪೆನ್ನಿನಲ್ಲಿ ಗುರುತು ಹಾಕಿ. ನಮ್ಮ ಮನೆಗಳಲ್ಲಿ ಕೆಂಪು ಅಂದರೆ ಫೇಸ್, ಕಪ್ಪು ಅಂದರೆ ನ್ಯೂಟ್ರಲ್, ಹಸಿರು ಅಂದರೆ ಅರ್ಥಿಂಗ್ ಎಂಬ ರೂಢಿ ಇದೆ. ಆದರೆ ಜೋಡಿ ವೈರಿಗೆ ಅವತ್ತು ಕೈಗೆ ಸಿಕ್ಕ ಬಣ್ಣ ಎಳೆದಿರುತ್ತಾರೆ. ಬಣ್ಣ ನೋಡಿ ತೀರ್ಮಾನ ಬೇಡ, ಮೀಟರ್ ನೋಡಿ.

ಒಂದು ಎಚ್ಚರಿಕೆ. ಕೆಲವು ಹಳೇ ಮನೆಗಳಲ್ಲಿ ವೈರ್ ಉಳಿಸಲು ಎರಡೂ ಟೂ-ವೇ ಸ್ವಿಚ್ಚಿನ ಒಂದು ಕಾಲಿಗೆ ಫೇಸ್, ಇನ್ನೊಂದು ಕಾಲಿಗೆ ನ್ಯೂಟ್ರಲ್ ಕೊಟ್ಟು, ನಡು ಕಾಲುಗಳಿಂದ ಲೈಟಿಗೆ ವೈರ್ ಎಳೆದಿರುತ್ತಾರೆ. ಲೈಟ್ ಆರಿದ್ದಾಗಲೂ ಹೋಲ್ಡರಿನ ಎರಡೂ ಕಡೆ ಫೇಸ್ ಇರಬಹುದಾದ ಅಪಾಯದ ವೈರಿಂಗ್ ಇದು. ನಿಮ್ಮ ಸ್ವಿಚ್ಚಿನಲ್ಲಿ ಇದು ಕಂಡರೆ ಅಲ್ಲಿಗೇ ನಿಲ್ಲಿಸಿ. ಮೊದಲು ಈ ವೈರಿಂಗ್ ಸರಿಪಡಿಸಿ, ಡಿಮ್ಮರ್ ಆಮೇಲೆ.

## ಹಂತ 5: ಲೈಟ್ ಬೋರ್ಡಿನಲ್ಲಿ ನ್ಯೂಟ್ರಲ್ ಇದೆಯೇ?

ಸ್ಮಾರ್ಟ್ ಡಿಮ್ಮರ್ ಒಳಗೆ ಸದಾ ಎಚ್ಚರವಿರುವ ಸರ್ಕ್ಯೂಟ್ ಇರುತ್ತದೆ. ಅದಕ್ಕೆ ಫೇಸ್ ಜೊತೆ ನ್ಯೂಟ್ರಲ್ ಬೇಕು. ನಮ್ಮ ಮನೆಗಳ ಸ್ವಿಚ್ ಬೋರ್ಡಿನಲ್ಲಿ ನ್ಯೂಟ್ರಲ್ ಇದೆಯೇ ಎಂದು ತಿಳಿಯಲು ಸುಲಭದ ಗುರುತು ಒಂದಿದೆ: ಬೋರ್ಡಿನಲ್ಲಿ ಪ್ಲಗ್ ಪಾಯಿಂಟ್ ಇದ್ದರೆ ಅಲ್ಲಿ ನ್ಯೂಟ್ರಲ್ ಇದೆ. ಪಡಸಾಲೆ ಬೋರ್ಡಿನಲ್ಲಿ ಸಾಮಾನ್ಯವಾಗಿ ಇರುತ್ತದೆ. ಮೆಟ್ಟಿಲ ಮೇಲಿನ ಒಂಟಿ ಸ್ವಿಚ್ಚಿನ ಡಬ್ಬಿಯಲ್ಲಿ ಬಹಳ ಸಲ ಇರುವುದಿಲ್ಲ.

ಇದ್ದರೆ ಅದು ಅದೇ ಲೈನಿನ ನ್ಯೂಟ್ರಲ್ ಎಂದು ಖಾತ್ರಿ ಮಾಡಿಕೊಳ್ಳಿ. ಬೇರೆ ಲೈನಿನ ನ್ಯೂಟ್ರಲ್ ಕದ್ದರೆ ಲೈಟ್ ಉರಿಯಬಹುದು, ಆದರೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಬೀಳುತ್ತಲೇ ಇರುತ್ತದೆ. ಹೋದ ಕರೆಂಟ್ ಅದೇ ದಾರಿಯಲ್ಲಿ ವಾಪಸ್ ಬರದಿದ್ದರೆ ಬೀಳುವುದೇ ಅದರ ಕೆಲಸ. ಆರ್‌ಸಿಸಿಬಿ ಬೀಳುತ್ತದೆ ಎಂದು ಅದನ್ನೇ ತೆಗೆಸಿಬಿಡುವವರಿದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಮನೆಯ ಮಕ್ಕಳ ಜೀವ ಕಾಯುವುದು ಆ 30 ಮಿಲಿ ಆಂಪಿಯರ್ ಡಬ್ಬಿ. ಅರ್ಥಿಂಗ್ ವೈರನ್ನು ನ್ಯೂಟ್ರಲ್ ಥರ ಬಳಸುವುದಂತೂ ಎಂದಿಗೂ ಬೇಡ.

ನ್ಯೂಟ್ರಲ್ ಇಲ್ಲದಿದ್ದರೆ ಮೂರು ದಾರಿಗಳಿವೆ.

ಮೊದಲನೆಯದು, ಪೈಪಿನಲ್ಲಿ ಜಾಗವಿದ್ದರೆ 1.5 ಸ್ಕ್ವೇರ್ ಎಂಎಂ ಕಪ್ಪು ವೈರ್ ಒಂದನ್ನು ಹೊಸದಾಗಿ ಎಳೆಯುವುದು. ನನಗೆ ಇದೇ ಮೇಲು.

ಎರಡನೆಯದು, ಡಿಮ್ಮರನ್ನು ಲೈಟಿನ ಹತ್ತಿರವೇ, ಸೀಲಿಂಗ್ ಬಾಕ್ಸಿನಲ್ಲಿ ಕೂರಿಸುವುದು. ಅಲ್ಲಿ ನ್ಯೂಟ್ರಲ್ ಇದ್ದೇ ಇರುತ್ತದೆ. ಆದರೆ ಲೈಟ್ ಬೋರ್ಡಿನಿಂದ ಅಲ್ಲಿಗೆ ಈಗ ಇರುವುದು ಒಂದೇ ವೈರ್, ಬೇಕಾದದ್ದು ಎರಡು. ಒಂದು ಕಾಯಂ ಫೇಸ್, ಇನ್ನೊಂದು ಸುದ್ದಿ. ಹಾಗಾಗಿ ಇಲ್ಲೂ ಒಂದು ವೈರ್ ಎಳೆಯಲೇಬೇಕು.

ಮೂರನೆಯದು, ನ್ಯೂಟ್ರಲ್ ಇಲ್ಲದೆ ನಡೆಯುವ ಡಿಮ್ಮರ್. ಇದು ಲೈಟಿನ ಮೂಲಕವೇ ಸ್ವಲ್ಪ ಕರೆಂಟ್ ಹರಿಸಿ ಬದುಕುತ್ತದೆ. ಅದರಿಂದ ಆರಿಸಿದ ಮೇಲೂ ಎಲ್‌ಇಡಿ ಮಂಕಾಗಿ ಉರಿಯುವುದುಂಟು. ಹೋಲ್ಡರಿಗೆ ಸಮಾನಾಂತರವಾಗಿ, ಅಂದರೆ ಬಲ್ಬಿನ ಎರಡು ವೈರ್‌ಗಳ ನಡುವೆ, ಆ ಕಂಪನಿಯದೇ ಬೈಪಾಸ್ (ಆ ಸಣ್ಣ ಕರೆಂಟಿಗೆ ಬೇರೆ ದಾರಿ ಕೊಡುವ ಪುಟ್ಟ ಬಿಡಿಭಾಗ) ಹಾಕಿದರೆ ನಿಲ್ಲುತ್ತದೆ. ಇಂಥ ಡಿಮ್ಮರಿಗೆ ಕನಿಷ್ಠ ಲೋಡ್ ಕೂಡ ಜಾಸ್ತಿ ಬೇಕು. ಒಂದೇ ಒಂದು 7 ವ್ಯಾಟ್ ಬಲ್ಬಿನ ಮೇಲೆ ಇದನ್ನು ಹಾಕಿ ಒದ್ದಾಡಬೇಡಿ.

ಶಹಾಬಾದ್ ಕಲ್ಲಿನ ಗೋಡೆಯ ಹಳೇ ಮನೆಗಳಲ್ಲಿ ಗೋಡೆ ಕೊರೆದು ಪೈಪ್ ಹಾಕುವುದು ಕಷ್ಟದ ಕೆಲಸ, ಖರ್ಚೂ ಹೌದು. ಅಲ್ಲಿ ಗೋಡೆ ಮೇಲೆ ಕೇಸಿಂಗ್ ಪಟ್ಟಿ ಹಾಕಿ ಒಂದು ವೈರ್ ತರಬಹುದು. ಅದೂ ಬೇಡವೆಂದರೆ ಕೊನೆಯಲ್ಲಿ ಹೇಳಿರುವ ವೈರ್ ಇಲ್ಲದ ಬಟನ್ ಇದೆ.

## ಹಂತ 6: ಈಗ ಸಾಮಾನು ಕೊಳ್ಳಿ

ಬೋರ್ಡ್ ಬಿಚ್ಚಿ ನೋಡುವ ಮುಂಚೆ ಡಿಮ್ಮರ್ ಆರ್ಡರ್ ಮಾಡುವುದು ತುಂಬಾ ಸಾಮಾನ್ಯ ತಪ್ಪು. ನೋಡಿದ ಮೇಲೆ ಈ ಸಂಗತಿಗಳನ್ನು ಹಿಡಿದು ಆರಿಸಿ.

230 ವೋಲ್ಟ್, 50 ಹರ್ಟ್ಸ್ ಎಂದು ಬರೆದಿರಬೇಕು. ಅಮೆರಿಕದಲ್ಲಿರುವ ಮಗನೋ ಅಳಿಯನೋ ತಂದುಕೊಟ್ಟ 120 ವೋಲ್ಟಿನ ಡಿಮ್ಮರ್ ಇಲ್ಲಿ ಹಾಕಿದರೆ ಸುಟ್ಟೇ ಹೋಗುತ್ತದೆ. ಅದರ ಪ್ಲೇಟ್ ಕೂಡ ನಮ್ಮ ಡಬ್ಬಿಗೆ ಹೊಂದುವುದಿಲ್ಲ.

ಎಲ್‌ಇಡಿಗೆ "ಟ್ರೇಲಿಂಗ್ ಎಡ್ಜ್" ಬಗೆ, ಅಂದರೆ ಅಲೆಯ ಹಿಂಭಾಗ ಕತ್ತರಿಸುವುದು, ಒಳ್ಳೆಯದು. ಹಳೇ ತಂತಿ ಬಲ್ಬಿಗೆಂದು ಮಾಡಿದ "ಲೀಡಿಂಗ್ ಎಡ್ಜ್" ಡಿಮ್ಮರಿನಲ್ಲಿ ಎಲ್‌ಇಡಿ ಸದ್ದು ಮಾಡುವುದು ಜಾಸ್ತಿ.

ವ್ಯಾಟ್ ನೋಡುವಾಗ ಎಲ್‌ಇಡಿಗೆ ಬರೆದ ಮಿತಿಯನ್ನೇ ನೋಡಿ, ತಂತಿ ಬಲ್ಬಿಗೆ ಬರೆದ ದೊಡ್ಡ ಸಂಖ್ಯೆಯನ್ನಲ್ಲ. ನಮ್ಮ ಊರಿನ ಬಿಸಿಲಿಗೆ ಆ ಮಿತಿಯ ಅರ್ಧಕ್ಕೇ ನಿಲ್ಲುವುದು ಜಾಣತನ. ಎಷ್ಟೋ ಡಿಮ್ಮರ್ ಮೇಲೆ 40 ಡಿಗ್ರಿ ತನಕ ಎಂದು ಬರೆದಿರುತ್ತದೆ. ಏಪ್ರಿಲ್-ಮೇನಲ್ಲಿ ಕಲಬುರಗಿಯ ಹೊರಗಿನ ಬಿಸಿಲೇ 40 ದಾಟುತ್ತದೆ. ಪಡುವಣ ಗೋಡೆಯೊಳಗಿನ ಮುಚ್ಚಿದ ಡಬ್ಬಿ ಎಷ್ಟು ಕಾಯಬಹುದು ಯೋಚಿಸಿ.

ಎಲ್ಲಕ್ಕಿಂತ ಮುಖ್ಯ, ಡಿಮ್ಮರಿನ ಎಸ್ ಟರ್ಮಿನಲ್ (ಬೆಲ್ ಪುಶ್ಶಿನ ಸುದ್ದಿ ಬರುವ ಜಾಗ) ಯಾವ ಬಗೆಯದು ಎಂದು ಕೈಪಿಡಿಯ ಚಿತ್ರದಲ್ಲಿ ನೋಡಿ. ಕೆಲವಕ್ಕೆ ಬೆಲ್ ಪುಶ್ ಮೂಲಕ ಫೇಸ್ ಕೊಡಬೇಕು. ಇನ್ನು ಕೆಲವಕ್ಕೆ ಎಸ್1, ಎಸ್2 ಎಂದು ಎರಡು ಟರ್ಮಿನಲ್ ಇದ್ದು, ಅವೆರಡನ್ನು ಪರಸ್ಪರ ಮುಟ್ಟಿಸಬೇಕು ಅಷ್ಟೇ, ಫೇಸ್ ಸೋಕಲೇಬಾರದು. ಎರಡನೇ ಬಗೆಗೆ ಫೇಸ್ ಕೊಟ್ಟರೆ ಆ ಕ್ಷಣವೇ ಹೋಗುತ್ತದೆ. ಹೆಸರು ಮಾತ್ರ ನೋಡಿ ತೀರ್ಮಾನಿಸಬೇಡಿ, ಏಕೆಂದರೆ ಮೊದಲ ಬಗೆಯಲ್ಲೂ ಎರಡು ಎಸ್ ಇರುವ ಡಿಮ್ಮರ್‌ಗಳಿವೆ. ಹಳೇ ಜೋಡಿ ವೈರ್ ಬಳಸಿಕೊಳ್ಳಲು ನಮಗೆ ಬೇಕಾದದ್ದು ಮೊದಲ ಬಗೆ, ಫೇಸ್ ತೆಗೆದುಕೊಳ್ಳುವ ಎಸ್.

ಬೆಲ್ ಪುಶ್ ಅನ್ನು ಕಲಬುರಗಿಯ ಸೂಪರ್ ಮಾರ್ಕೆಟ್ ಬಡಾವಣೆ ಕಡೆಯ ಯಾವುದೇ ಎಲೆಕ್ಟ್ರಿಕಲ್ ಅಂಗಡಿಯಲ್ಲಿ, ನಿಮ್ಮ ಈಗಿನ ಪ್ಲೇಟಿನ ಕಂಪನಿಯದೇ ಕೇಳಿ: "ಅಣ್ಣಾ, ಬೆಲ್ ಪುಶ್ ಕೊಡ್ರಿ, ಒಳಗ ಲೈಟ್ ಇರಲಾರದ್ದು." ಲೈಟ್ ಇಲ್ಲದ್ದೇ ಏಕೆ? ಇಂಡಿಕೇಟರ್ ದೀಪದ ಮೂಲಕ ಸಣ್ಣ ಕರೆಂಟ್ ಸದಾ ಸೋರುತ್ತದೆ. ಯಾರೋ ಬಟನ್ ಒತ್ತಿದ್ದಾರೆ ಎಂದು ಡಿಮ್ಮರ್ ತಪ್ಪಾಗಿ ತಿಳಿಯುತ್ತದೆ, ನಡುರಾತ್ರಿ ಲೈಟ್ ತಾನೇ ಹತ್ತುತ್ತದೆ.

ಉಳಿದಂತೆ ಮಲ್ಟಿಮೀಟರ್, ಇನ್ಸುಲೇಟೆಡ್ ಸ್ಕ್ರೂಡ್ರೈವರ್, ವೈರ್ ಸ್ಟ್ರಿಪ್ಪರ್, ಪೈಪಿನಲ್ಲಿ ವೈರ್ ಎಳೆಯುವ ಸ್ಪ್ರಿಂಗ್, ಟೇಪ್, ಮತ್ತು ಮೂರು ತೂತಿನ ಲಿವರ್ ಕನೆಕ್ಟರ್‌ಗಳು. ವೈರ್ ಹೊಸೆದು ಟೇಪ್ ಸುತ್ತುವುದಕ್ಕಿಂತ ಲಿವರ್ ಕನೆಕ್ಟರ್ ಬಿಗಿಯಾಗಿ ಕೂರುತ್ತದೆ, ಬಿಸಿಗೆ ಟೇಪಿನ ಅಂಟು ಕರಗಿ ಜಾರುವ ಭಯವಿಲ್ಲ.

## ಹಂತ 7: ಬೆಲ್ ಪುಶ್‌ಗಳನ್ನು ಜೋಡಿಸಿ, ಡಿಮ್ಮರ್ ಇನ್ನೂ ಬೇಡ

ಮತ್ತೆ ಹಂತ 3ರಂತೆ ಎಲ್ಲ ಆಫ್ ಮಾಡಿ, ಮೀಟರ್ ಇಟ್ಟು ನೋಡಿ, ಶುರು ಮಾಡಿ.

ಜೋಡಿ ವೈರಿನಲ್ಲಿ ಒಂದಕ್ಕೆ "ಫೇಸ್" ಎಂದೂ ಇನ್ನೊಂದಕ್ಕೆ "ಸುದ್ದಿ" ಎಂದೂ ಎರಡೂ ತುದಿಯಲ್ಲಿ ಟೇಪ್ ಗುರುತು ಹಾಕಿ.

ಫೇಸ್ ಬೋರ್ಡಿನಲ್ಲಿ ಹಳೇ ಟೂ-ವೇ ಸ್ವಿಚ್ ಪೂರ್ತಿ ತೆಗೆಯಿರಿ. ಬಂದ ಫೇಸ್, ಜೋಡಿಯ ಫೇಸ್ ವೈರ್, ಬೆಲ್ ಪುಶ್ಶಿನ ಒಂದು ಕಾಲಿನ ವೈರ್, ಈ ಮೂರನ್ನೂ ಒಂದು ಕನೆಕ್ಟರಿನಲ್ಲಿ ಸೇರಿಸಿ. ಬೆಲ್ ಪುಶ್ಶಿನ ಇನ್ನೊಂದು ಕಾಲಿಗೆ ಸುದ್ದಿ ವೈರ್.

ನಡುವೆ ಬೋರ್ಡ್ ಇದ್ದರೆ ನಾಲ್ಕು ಕಾಲಿನ ಸ್ವಿಚ್ ತೆಗೆದು, ಆ ಕಡೆಯ ಫೇಸನ್ನು ಈ ಕಡೆಯ ಫೇಸಿಗೆ, ಸುದ್ದಿಯನ್ನು ಸುದ್ದಿಗೆ ನೇರ ಸೇರಿಸಿ. ಎರಡೂ ಕನೆಕ್ಟರಿನಿಂದ ಒಂದೊಂದು ವೈರ್ ಬೆಲ್ ಪುಶ್ಶಿನ ಎರಡು ಕಾಲಿಗೆ.

ಲೈಟ್ ಬೋರ್ಡಿನಲ್ಲೂ ಅದೇ, ಡಿಮ್ಮರ್ ಕೂರುವ ಜಾಗವಾದರೂ ಅಲ್ಲೂ ಒಂದು ಬಟನ್ ಬೇಕು. ಫೇಸ್ ಮತ್ತು ಸುದ್ದಿಯ ನಡುವೆ ಬೆಲ್ ಪುಶ್. ಎಷ್ಟು ಜಾಗ ಇದ್ದರೂ ಲೆಕ್ಕ ಬದಲಾಗುವುದಿಲ್ಲ. ಪ್ರತಿಯೊಂದು ಬಟನ್ ಅದೇ ಎರಡು ವೈರ್‌ಗಳ ನಡುವೆ ಕೂರುತ್ತದೆ. ನಾಲ್ಕನೇ ಜಾಗ ಬೇಕೆಂದರೆ ಹತ್ತಿರದ ಬೋರ್ಡಿನಿಂದ ಆ ಎರಡು ವೈರ್ ಮುಂದಕ್ಕೆ ಒಯ್ಯಿರಿ.

ಈಗ ಎಲ್ಲರೂ ಬಿಟ್ಟುಬಿಡುವ ಒಂದು ಪರೀಕ್ಷೆ. ಕರೆಂಟ್ ಇನ್ನೂ ಆಫ್ ಇರುವಾಗಲೇ ಲೈಟ್ ಬೋರ್ಡಿನಲ್ಲಿ ಮೀಟರನ್ನು ಬೀಪ್ ಮೋಡಿನಲ್ಲಿ ಫೇಸ್ ಮತ್ತು ಸುದ್ದಿ ವೈರಿಗೆ ಹಿಡಿಯಿರಿ. ಯಾರೂ ಬಟನ್ ಒತ್ತದಿದ್ದಾಗ ಸದ್ದು ಇರಬಾರದು. ಮನೆಯವರೊಬ್ಬರನ್ನು ಮೇಲೆ ಕಳಿಸಿ ಒಂದೊಂದೇ ಬಟನ್ ಒತ್ತಿಸಿ. ಒತ್ತಿದಾಗ ಬೀಪ್, ಬಿಟ್ಟಾಗ ನಿಶ್ಶಬ್ದ. ಒತ್ತದೆಯೂ ಬೀಪ್ ಬರುತ್ತಿದ್ದರೆ ಎಲ್ಲೋ ಫೇಸ್-ಸುದ್ದಿ ಒಂದಾಗಿದೆ, ಅಥವಾ ಬೆಲ್ ಪುಶ್ ಬದಲು ಮಾಮೂಲಿ ಸ್ವಿಚ್ ಬಂದಿದೆ. ಒತ್ತಿದರೂ ಬರದಿದ್ದರೆ ಎಲ್ಲೋ ವೈರ್ ತುಂಡಾಗಿದೆ, ಇಲ್ಲವೇ ಕನೆಕ್ಟರಿನಲ್ಲಿ ವೈರ್ ಕೂತಿಲ್ಲ. ಎರಡು ನಿಮಿಷದ ಈ ಪರೀಕ್ಷೆ ಸಾವಿರಾರು ರೂಪಾಯಿಯ ಡಿಮ್ಮರ್ ಉಳಿಸುತ್ತದೆ.

## ಹಂತ 8: ಡಿಮ್ಮರ್ ಕೂರಿಸುವುದು

ಬಲ್ಬ್ ತೆಗೆದು, ಬೈಪಾಸ್ ಹಾಕಿದ್ದರೆ ಅದನ್ನೂ ಬಿಡಿಸಿ, ಲೈಟಿನ ವೈರಿಗೂ ನ್ಯೂಟ್ರಲ್‌ಗೂ ನಡುವೆ ಬೀಪ್ ಬರುತ್ತದೆಯೇ ನೋಡಿ. ಬಂದರೆ ಹೋಲ್ಡರಿನಲ್ಲಿ ಶಾರ್ಟ್ ಇದೆ. ಮಾಮೂಲಿ ಸ್ವಿಚ್ ಶಾರ್ಟನ್ನು ತಾಳಿಕೊಳ್ಳಬಹುದು, ಡಿಮ್ಮರ್ ತಾಳುವುದಿಲ್ಲ.

ಎಲ್ಲ ಸರಿ ಇದ್ದರೆ ಫೇಸ್ ವೈರ್ ಎಲ್‌ಗೆ, ನ್ಯೂಟ್ರಲ್ ಎನ್‌ಗೆ, ಲೈಟಿಗೆ ಹೋಗುವ ವೈರ್ ಓಗೆ, ಸುದ್ದಿ ವೈರ್ ಎಸ್‌ಗೆ. ಎಲ್ ಮತ್ತು ಓ ಅದಲುಬದಲಾಗದಂತೆ ಇನ್ನೊಮ್ಮೆ ಗುರುತು ನೋಡಿ. ಪ್ರತಿ ವೈರನ್ನೂ ಮೆಲ್ಲಗೆ ಎಳೆದು ನೋಡಿ, ಹೊರಗೆ ಬಂದರೆ ಸ್ಕ್ರೂ ಬಿಗಿಯಾಗಿಲ್ಲ. ಡಬ್ಬಿ ಕಬ್ಬಿಣದ್ದಾದರೆ ಅದಕ್ಕೆ ಅರ್ಥಿಂಗ್ ಇರಲೇಬೇಕು.

ಡಬ್ಬಿಯೊಳಗೆ ತುರುಕಬೇಡಿ. ವೈರ್‌ಗಳು ಹಿಂದೆ, ಡಿಮ್ಮರ್ ಮುಂದೆ ಇರಲಿ, ಸುತ್ತ ಸ್ವಲ್ಪ ಗಾಳಿ ಇರಲಿ. ಜಾಗ ಸಾಲದಿದ್ದರೆ ಆಳದ ಡಬ್ಬಿ ಹಾಕಿಸಿ, ಇಲ್ಲವೇ ಒಂದು ಸ್ವಿಚ್ ಅಗಲ ಹೆಚ್ಚಿರುವ ಪ್ಲೇಟ್ ತನ್ನಿ. ಬಿಗಿಯಾಗಿ ತುಂಬಿದ ಡಬ್ಬಿಯಲ್ಲಿ ಬಿಸಿಯೂ ಜಾಸ್ತಿ, ವೈ-ಫೈಯೂ ಕಮ್ಮಿ.

ತೆಗೆದ ಬಲ್ಬ್ ವಾಪಸ್ ಹಾಕಿ, ಬೈಪಾಸ್ ಬಿಡಿಸಿದ್ದರೆ ಅದನ್ನೂ ಸೇರಿಸಿ. ಪ್ಲೇಟ್ ಮುಚ್ಚುವ ಮುಂಚೆ ಮೇನ್ ಏರಿಸಿ, ಇನ್ವರ್ಟರ್ ಮಾತ್ರ ಇನ್ನೂ ಆಫ್ ಇರಲಿ. ಆ ಲೈನ್ ಇನ್ವರ್ಟರ್ ಮೂಲಕವೇ ಬರುವುದಾದರೆ ಪ್ಲಗ್ ಹಾಕಿ, ಇನ್ವರ್ಟರಿನ ಬೈಪಾಸ್ ಸ್ವಿಚ್ ಮೂಲಕ ಸಪ್ಲೈ ಕೊಡಿ. ವೈರ್‌ಮನ್ ಮೀಟರಿನಲ್ಲಿ ಎಲ್-ಎನ್ ನಡುವೆ 230 ಆಸುಪಾಸು, ಎನ್-ಅರ್ಥಿಂಗ್ ನಡುವೆ ಹೆಚ್ಚುಕಡಿಮೆ ಸೊನ್ನೆ ಇದೆಯೇ ನೋಡಲಿ. ಆಮೇಲೆ ಪ್ರತಿ ಬಟನ್ ಒತ್ತಿ ನೋಡಿ. ಸುಮ್ನೆ ಒತ್ತಿ ಬಿಟ್ಟರೆ ಆನ್-ಆಫ್, ಒತ್ತಿ ಹಿಡಿದರೆ ಬೆಳಕು ಏರಿಳಿತ. ಇಷ್ಟು ಆ್ಯಪ್ ಇಲ್ಲದೆಯೇ ಕೆಲಸ ಮಾಡಬೇಕು. ಮಾಡದಿದ್ದರೆ ಆ್ಯಪ್‌ಗೆ ಹೋಗಬೇಡಿ, ತಪ್ಪು ಇನ್ನೂ ವೈರಿನಲ್ಲೋ ಬಟನ್ ಸೆಟ್ಟಿಂಗಿನಲ್ಲೋ ಇದೆ.

## ಹಂತ 9: ಆ್ಯಪ್‌ನಲ್ಲಿ ಬದಲಿಸಬೇಕಾದದ್ದು

ಬಹುಪಾಲು ವೈ-ಫೈ ಡಿಮ್ಮರ್‌ಗಳು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತವೆ. ಸೇರಿಸುವ ಹೊತ್ತಿಗೆ ಫೋನನ್ನೂ ಅದೇ ಬ್ಯಾಂಡಿಗೆ ಹಾಕಿ. ರೂಟರಿಗೆ ಇನ್ವರ್ಟರ್ ಲೈನಿನಿಂದ ಕರೆಂಟ್ ಕೊಡಿ.

ಬಟನ್ ಬಗೆ "ಮೊಮೆಂಟರಿ" ಅಥವಾ "ಪುಶ್" ಎಂದಿರಲಿ. "ಟಾಗಲ್" ಎಂದಿದ್ದರೆ ಎರಡು ಸಲ ಒತ್ತಬೇಕಾಗುತ್ತದೆ, ಇಲ್ಲವೇ ಒತ್ತಿದಷ್ಟು ಹೊತ್ತು ಮಾತ್ರ ಉರಿಯುತ್ತದೆ. ಕನಿಷ್ಠ ಬೆಳಕನ್ನು ಬಲ್ಬ್ ಮಿಟುಕದೆ ನಿಲ್ಲುವ ಮಟ್ಟಕ್ಕೆ ಏರಿಸಿ, ಸಾಮಾನ್ಯವಾಗಿ 10ರಿಂದ 20 ಪರ್ಸೆಂಟ್. ಕ್ಯಾಲಿಬ್ರೇಷನ್ (ಬಲ್ಬಿಗೆ ತಕ್ಕಂತೆ ಡಿಮ್ಮರ್ ಹೊಂದಿಸಿಕೊಳ್ಳುವುದು) ಇದ್ದರೆ ಮಾಡಿಸಿ.

ಇನ್ನೊಂದು ಸೆಟ್ಟಿಂಗ್ ನಮ್ಮ ಕಡೆ ಬಹಳ ಮುಖ್ಯ: ಕರೆಂಟ್ ಹೋಗಿ ಬಂದಾಗ ಏನಾಗಬೇಕು ಎಂಬುದು. ಅದು "ಆನ್" ಎಂದಿದ್ದರೆ ರಾತ್ರಿ ಕರೆಂಟ್ ಬಂದ ಕೂಡಲೇ ಲೈಟ್ ಪೂರ್ತಿ ಹತ್ತಿ ಎಲ್ಲರ ನಿದ್ದೆ ಕೆಡಿಸುತ್ತದೆ. "ಹಿಂದಿನ ಸ್ಥಿತಿ" ಎಂದು ಇಡಿ.

ಕೊನೆಗೆ ಇನ್ವರ್ಟರ್ ಆನ್ ಮಾಡಿ, ಮೇನ್ ಇಳಿಸಿ, ಬ್ಯಾಟರಿ ಮೇಲೆ ಲೈಟ್ ಹೇಗಿದೆ ಎಂದು ಕಡಿಮೆ, ನಡು, ಪೂರ್ತಿ ಮೂರೂ ಬೆಳಕಿನಲ್ಲಿ ನೋಡಿ.

## ವೈರ್ ಎಳೆಯಲು ಆಗದಿದ್ದರೆ

ಡಿಮ್ಮರ್ ಒಂದನ್ನು ನ್ಯೂಟ್ರಲ್ ಇರುವ ಕಡೆ ಹಾಕಿ, ಇನ್ನೊಂದು ಜಾಗದಲ್ಲಿ ಬ್ಯಾಟರಿಯ ಬಟನ್ ಗೋಡೆಗೆ ಅಂಟಿಸಬಹುದು. ಡಿಮ್ಮರ್ ಎಲ್ಲಿ ಕೂರಲಿ, ಅದಕ್ಕೆ ಫೇಸ್ ಕಾಯಂ ಆಗಿ ಬರಬೇಕು. ಹಳೇ ಟೂ-ವೇ ಸ್ವಿಚ್ ತೆಗೆದು ವೈರ್ ನೇರ ಸೇರಿಸಿ. ಅದನ್ನು ಹಾಗೇ ಬಿಟ್ಟರೆ ಯಾರೋ ಅಭ್ಯಾಸಬಲದಿಂದ ಒತ್ತುತ್ತಾರೆ, ಡಿಮ್ಮರಿಗೆ ಬರುವ ಕರೆಂಟೇ ಕಡಿದುಹೋಗುತ್ತದೆ. "ಆಫ್‌ಲೈನ್" ದೂರುಗಳಲ್ಲಿ ಎಷ್ಟೋ ಇಂಥವೇ.

ಕೊಳ್ಳುವ ಮುಂಚೆ ಒಂದು ಪ್ರಶ್ನೆ ಕೇಳಿ: ಇಂಟರ್ನೆಟ್ ಇಲ್ಲದಾಗ ಈ ಬಟನ್ ಕೆಲಸ ಮಾಡುತ್ತದೆಯೇ? ಡಿಮ್ಮರ್ ಜೊತೆ ನೇರ ಮಾತಾಡುವ ಬಟನ್ ಮಾತ್ರ ತನ್ನಿ. ದಪ್ಪ ಕಲ್ಲಿನ ಗೋಡೆ ದಾಟುತ್ತದೆಯೇ ಎಂದು ಅಂಟಿಸುವ ಮುಂಚೆ ಕೈಯಲ್ಲಿ ಹಿಡಿದು ಪರೀಕ್ಷಿಸಿ. ಮೆಟ್ಟಿಲಿಗೆ ನನ್ನ ಮತ ಯಾವತ್ತೂ ವೈರಿನ ಬೆಲ್ ಪುಶ್ಶಿಗೇ. ಅದರ ಬ್ಯಾಟರಿ ಮುಗಿಯುವುದಿಲ್ಲ.

## ಈ ಗುರುತು ಕಂಡರೆ

ಪ್ಲೇಟ್ ಮುಟ್ಟಲಾಗದಷ್ಟು ಬಿಸಿ, ಸುಟ್ಟ ಪ್ಲಾಸ್ಟಿಕ್ ವಾಸನೆ, ಪ್ಲೇಟಿನ ಅಂಚು ಕಂದು ಬಣ್ಣಕ್ಕೆ ತಿರುಗುವುದು, ಒಳಗೆ ಚಟಪಟ ಸದ್ದು: ಕೂಡಲೇ ಇನ್ವರ್ಟರ್ ಮತ್ತು ಮೇನ್ ಎರಡನ್ನೂ ಆಫ್ ಮಾಡಿ. ಹೆಚ್ಚಾಗಿ ಸಡಿಲ ಸ್ಕ್ರೂ ಅಥವಾ ಜಾಸ್ತಿ ಲೋಡ್. ಸ್ವಲ್ಪ ಬೆಚ್ಚಗಿರುವುದು ಮಾತ್ರ ಸಹಜ.

ಯಾರೂ ಒತ್ತದೆ ಲೈಟ್ ತಾನೇ ಹತ್ತಿ ಆರಿದರೆ ಇಂಡಿಕೇಟರ್ ಇರುವ ಬೆಲ್ ಪುಶ್ ಎಲ್ಲಾದರೂ ಉಳಿದಿದೆಯೇ ನೋಡಿ. ಇಲ್ಲವೆಂದರೆ ಸುದ್ದಿ ವೈರ್ ತುಂಬಾ ಉದ್ದವಿದ್ದು, ಪಕ್ಕದ ವೈರ್‌ಗಳಿಂದ ಅದರೊಳಗೆ ವೋಲ್ಟೇಜ್ ಹುಟ್ಟುತ್ತಿರಬಹುದು. ಕೈಪಿಡಿಯಲ್ಲಿ ಉದ್ದದ ಮಿತಿ ಕೊಟ್ಟಿದ್ದರೆ ಹೋಲಿಸಿ.

ಪೂರ್ತಿ ಬೆಳಕಿನಲ್ಲಿ ಚೆನ್ನಾಗಿದ್ದು ಕಡಿಮೆ ಮಾಡಿದಾಗ ಮಾತ್ರ ಮಿಟುಕಿದರೆ ಕನಿಷ್ಠ ಮಟ್ಟ ಏರಿಸಿ. ಆಗಲೂ ನಿಲ್ಲದಿದ್ದರೆ ಬಲ್ಬಿನ ಕಂಪನಿ ಬದಲಿಸಿ, ವೈರಿಂಗ್ ಮತ್ತೆ ಬಿಚ್ಚಬೇಡಿ. ಒಂದೇ ಡಿಮ್ಮರ್ ಮೇಲೆ ಎರಡು ಕಂಪನಿಯ ಬಲ್ಬ್ ಬೆರೆಸಿದ್ದರೂ ಹೀಗಾಗುತ್ತದೆ.

ಎಲ್ಲ ಮುಗಿದ ಮೇಲೆ ಒಂದು ಹಾಳೆಯಲ್ಲಿ ಫೇಸ್, ಸುದ್ದಿ, ಲೈಟ್ ವೈರ್ ಯಾವ ಬಣ್ಣ, ಡಿಮ್ಮರ್ ಯಾವ ಬೋರ್ಡಿನಲ್ಲಿದೆ, ಯಾವ ಎಂಸಿಬಿ, ಇನ್ವರ್ಟರ್ ಲೈನ್ ಹೌದೋ ಅಲ್ಲವೋ ಎಂದು ಬರೆದು, ಎಂಸಿಬಿ ಡಬ್ಬಿಯ ಬಾಗಿಲಿನ ಒಳಬದಿಗೆ ಅಂಟಿಸಿ. ಮುಂದೆ ಬರುವ ವೈರ್‌ಮನ್ ಮಾಮೂಲಿ ಟೂ-ವೇ ಎಂದುಕೊಂಡು ಸುದ್ದಿ ವೈರನ್ನು ಹೋಲ್ಡರಿಗೆ ಸೇರಿಸದೇ ಇರಲು ಆ ಹಾಳೆ ಬೇಕು.